ಹುಳುಮನೆಯ ಅಗ್ಗಿಷ್ಟಿಕೆ

ಎಳೆಬಿಸಿಲಿಗೆ ಬಂಡೆಯೇರಿ ಮೈಕಾಯಿಸುವ ಓತಿಕೇತವನ್ನು ಚಳ್ಳಕೆರೆಯ ಬಯಲಿನಲ್ಲಿ ನೋಡದವರಾರು? ತನ್ನ ಮೈಯಲ್ಲಿ ತಾನೇ ಶಾಖವನ್ನು ಹುಟ್ಟಿಸಿಕೊಳ್ಳಲಾರದ ಪ್ರಾಣಿಗೆ ಸೂರ್ಯನೇ ಒಲೆ. ಹಾವು, ಆಮೆಗಳದೂ ಇದೇ ಪ್ರಕೃತಿ, ರೇಷ್ಮೆಹುಳುವಿನದೂ ಇದೇ. ಭೇದವಿಷ್ಟೆ: ಬಿಸಿಲು ಹೆಚ್ಚಿದರೆ ಓತಿಯು ನೆರಳಿಗೆ ಸರಿಯುವುದು; ತಟ್ಟೆಯಲ್ಲಿ ಸೆರೆಯಾದ ಹುಳುವಿಗೆ ಸಾಕುವವರು ಕೊಟ್ಟ ಶಾಖವೇ ಗತಿ.

ಮೊಳಕಾಲ್ಮೂರಿನ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದು ಸಂತೋಷವೇ ಸರಿ. ಆದರೆ ಸೆರಗಿನ ಕುಸುರಿಯನ್ನು ಹೊಗಳುವವರು ಬಹುಮಂದಿ. ಹುಳುಮನೆಯ ಬೆಂಕಿಯನ್ನು ವಿಚಾರಿಸುವವರು ವಿರಳ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಹಗಲು ಬಿಸಿಲು ಕಾದರೂ ಮಾರ್ಗಶಿರ ಪುಷ್ಯಗಳ ರಾತ್ರಿ ಗಾಳಿಯು ಮೈ ಕೊರೆಯುವುದು. ಚಾಕಿಯ ಎಳೆಹುಳುವಿಗೆ ಬೇಕಾದುದೋ 27-28 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡ 85-90ರಷ್ಟು ತೇವ. ಶಾಖವು 20 ಡಿಗ್ರಿಗಿಂತ ಕೆಳಗಿಳಿದರೆ ಹುಳು ಮೇವನ್ನು ಕಡಮೆಮಾಡಿ ಜಡವಾಗುವುದು.

ಆಗ ಮೊದಲು ಕೈಗೆ ಸಿಕ್ಕುವುದು ಇದ್ದಿಲಿನ ಅಗ್ಗಿಷ್ಟಿಕೆ. ಕಿಟಕಿಗೆ ಗೋಣಿ, ಬಾಗಿಲಿಗೆ ಕರಿಯ ಕಂಬಳಿ, ಒಳಗೆ ಕೆಂಡ, ತಟ್ಟೆಗಳ ಬದಿಯಲ್ಲಿಯೇ ಚಾಪೆ ಹಾಸಿದ ಮನೆಯೊಡತಿ, ಅವಳ ಮಗ್ಗುಲಲ್ಲಿ ಕೂಸು. ಹೊಗೆಯು ಹುಳುವಿಗೆ ಕೇಡೆಂದು ಎಲ್ಲರೂ ಬಲ್ಲರು; ಆದುದರಿಂದ ಹೊಗೆಯಾರಿದ ನಿಗಿನಿಗಿ ಕೆಂಡವನ್ನೇ ಒಳಗೆ ತರುವರು. ಕೇಡಿರುವುದು ಅಲ್ಲಿಯೇ. ಗಾಳಿ ಸಾಲದ ಕೆಂಡದಿಂದೇಳುವ ಕಾರ್ಬನ್ ಮೊನಾಕ್ಸೈಡೆಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನ ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಮಡಿಗೂ ಮಿಗಿಲಾಗಿ ಹಿಡಿದುಕೊಳ್ಳುವುದು. ಮೊದಲು ತಲೆನೋವು, ಆಮೇಲೆ ಮಂಪರು. ನಿದ್ದೆಹೋದವರಿಗೆ ಅದೂ ತಿಳಿಯದು.

“ಹುಳ ಚೆನ್ನಾಗಿ ಮೇಯ್ತಾ ಅವಲ್ಲ, ನಮಗೇನಾದೀತವ್ವ?” ಎಂದು ಸೊಸೆಯನ್ನು ಸುಮ್ಮನಾಗಿಸುವ ಅತ್ತೆಯರುಂಟು. ಹುಳುವಿನ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲ. ಮೈಯ ಎರಡು ಪಕ್ಕದ ರಂಧ್ರಗಳಿಂದ ಉಸಿರಾಡುವ ಆ ಜೀವಿಯ ಸುಖವು ಕೂಸಿನ ಕ್ಷೇಮಕ್ಕೆ ಸಾಕ್ಷಿಯಾಗದು. ಕೂಸನ್ನು ಒಳಮನೆಯಲ್ಲಿಯೇ ಮಲಗಿಸಬೇಕು. ಕೆಂಡವಿರುವ ಕೋಣೆಯಲ್ಲಿ ದೊಡ್ಡವರೂ ಮಲಗತಕ್ಕದ್ದಲ್ಲ. ಸೀರೆಯ ಬೆಲೆಯಲ್ಲಿ ಈ ಜಾಗರಣೆಗೆ ಸಲ್ಲುವ ಪಾಲೆಷ್ಟೆಂಬುದು ಬೇರೆಯ ಮಾತು.

ಕೆಂಡವು ಗಾಳಿಯ ತೇವವನ್ನೂ ಹೀರುವುದು. ಬಾಡಿದ ಸೊಪ್ಪಿನಲ್ಲಿ ಎಳೆಹುಳುವಿನ ಬಾಯಿ ನಾಟದು.

ತಾಪವನ್ನರಿತು ತಾನೇ ಆರಿ ತಾನೇ ಹೊತ್ತಿಕೊಳ್ಳುವ ವಿದ್ಯುತ್ ಹೀಟರು ಇದಕ್ಕಿಂತ ಎಷ್ಟೋ ಮೇಲು. ಅದಾದರೂ ಗೋಣಿ, ಕಾಗದಗಳಿಂದ ದೂರವಿರಬೇಕು. ಉಷ್ಣಮಾಪಕವನ್ನು ಬಾಗಿಲ ಬಳಿಯ ಗೋಡೆಗೆ ತೂಗಹಾಕಿ ನಿಶ್ಚಿಂತರಾಗುವವರುಂಟು. ಗೋಡೆಯ ಶಾಖದಿಂದ ಹುಳುವಿಗೇನು? ಅದು ತಟ್ಟೆಯ ಎತ್ತರದಲ್ಲಿಯೇ ಇರತಕ್ಕುದು. ಕರೆಂಟು ಹೋದ ರಾತ್ರಿಗೆ ಹೊರಗಿನ ಒಲೆಯಲ್ಲಿ ಕಾಸಿದ ನೀರಿನ ಪಾತ್ರೆಗಳನ್ನು ತಂದು ತಟ್ಟೆಗಳ ಕೆಳಗಿಟ್ಟರೆ ಶಾಖವೂ ತೇವವೂ ಒಟ್ಟಿಗೆ ಬರುವುವು, ವಿಷವಾಯುವಿನ ಭಯವಿಲ್ಲ. ನೀರು ಆರಿದಂತೆಲ್ಲ ಎದ್ದು ಬದಲಾಯಿಸುವ ಶ್ರಮವೇನೋ ಉಂಟು.

ಪೊರೆಬಿಡುವ ಕಾಲವನ್ನು ಸಾಕುವವರು ಜ್ವರವೆನ್ನುವರು. ನಾಲ್ಕನೆಯ ಜ್ವರವೆದ್ದ ಹುಳುವಿಗೆ 24 ಡಿಗ್ರಿಯೇ ಸಾಕು. ಆಗ ಬೇಕಾದುದು ಗಾಳಿ. ಗೋಣಿ ಕಂಬಳಿಗಳನ್ನು ತೆಗೆದು ಕಿಟಕಿ ತೆರೆಯುವರು. ಹುಳುಗಳು ಸೊಪ್ಪು ಮೇಯುವ ಸದ್ದು ಜಿನುಗುಮಳೆಯಂತೆ ಪಡಸಾಲೆಯವರೆಗೂ ಕೇಳುವುದು.