ಮೊದಲ ಪೀರಿಯಡಿಗೆ ಬಾರದವನು

ಡಿಗ್ರಿಯಲ್ಲಿ ನಮ್ಮ ಜೊತೆ ಕಡಬ ಕಡೆಯ ಒಬ್ಬ ಗೆಳೆಯನಿದ್ದ. ಮೊದಲ ಪೀರಿಯಡಿಗೆ ಒಂದು ದಿನ ಬಂದರೆ ಮರುದಿನ ಇಲ್ಲ. ಹಾಜರಿ ಕರೆಯುವಾಗ ಅವನ ಹೆಸರು ಬಂದರೆ ಹಿಂದಿನ ಬೆಂಚಿನಲ್ಲಿ ಕುಳಿತ ನಾವು ನಗುತ್ತಿದ್ದೆವು. "ಅವನಿಗೆ ಬೆಳಗಾಗುವುದೇ ಹತ್ತು ಗಂಟೆಗೆ ಸಾರ್" ಎಂದು ನಮ್ಮಲ್ಲೊಬ್ಬ ಹೇಳಿದ್ದೂ ಉಂಟು. ಎರಡನೇ ವರ್ಷ ಹಾಜರಿ ಸಾಲದೆ ಅವನಿಗೆ ಪರೀಕ್ಷೆಗೆ ಕೂರಲಾಗಲಿಲ್ಲ. ಮತ್ತೆ ಅವನು ಕಾಲೇಜಿನ ಕಡೆ ಬರಲೇ ಇಲ್ಲ.

ಎಷ್ಟೋ ಸಮಯದ ನಂತರ ಪುತ್ತೂರು ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ ವಿಷಯ ತಿಳಿಯಿತು. ಅಪ್ಪನಿಗೆ ಸೊಂಟನೋವು ಬಂದ ಮೇಲೆ ಮನೆಯ ರಬ್ಬರ್ ಟ್ಯಾಪಿಂಗ್ ಇವನ ಪಾಲಿಗೆ ಬಂದಿತ್ತು. ಬೆಳಕು ಹರಿಯುವ ಮೊದಲು ತೋಟಕ್ಕೆ ಇಳಿದು, ಹಾಲು ಒಟ್ಟುಮಾಡಿ, ಶೀಟಿಗೆ ಎರೆದು ಹೊರಡುವಾಗ ಬಸ್ಸು ಹೋಗಿ ಆಗುತ್ತಿತ್ತು. ರಬ್ಬರ್ ಟ್ಯಾಪ್ ಮಾಡುವುದು ದಿನ ಬಿಟ್ಟು ದಿನ. ಹಾಗಾಗಿ ಅವನು ತಡವಾಗುತ್ತಿದ್ದದ್ದೂ ದಿನ ಬಿಟ್ಟು ದಿನ. ಜೋರು ಮಳೆ ಬಂದು ಟ್ಯಾಪಿಂಗ್ ನಿಂತ ದಿನಗಳಲ್ಲಿ ಎಲ್ಲರಿಗಿಂತ ಮೊದಲು ಕ್ಲಾಸಿನಲ್ಲಿರುತ್ತಿದ್ದ.

ಇದೆಲ್ಲ ಹಾಜರಿ ಪುಸ್ತಕದಲ್ಲಿ ಇತ್ತು. ಓದಿದವರು ಇರಲಿಲ್ಲ. ಸೆಮಿಸ್ಟರ್ ಕೊನೆಗೆ ಕೂಡಿಸಿ, ಶೇ. 75 ಆಗಿದೆಯೋ ಇಲ್ಲವೋ ಎಂದು ನೋಡಿದ್ದಷ್ಟೆ.

ಈಗ ವಿಶ್ವವಿದ್ಯಾನಿಲಯಗಳಲ್ಲಿ 'ಲರ್ನಿಂಗ್ ಅನಲಿಟಿಕ್ಸ್' ಎಂಬ ಮಾತು ಕೇಳುತ್ತಿದೆ. ಹಾಜರಿ, ಇಂಟರ್ನಲ್ ಅಂಕ, ಆನ್‌ಲೈನ್ ಪಾಠ ನೋಡಿದ ಲೆಕ್ಕ ಎಲ್ಲವನ್ನೂ ಒಟ್ಟಿಗಿಟ್ಟು, ಯಾರು ಹಿಂದೆ ಬೀಳುತ್ತಿದ್ದಾರೆಂದು ಮೊದಲೇ ಗುರುತಿಸುವ ಕ್ರಮ ಇದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗೆ ಟ್ರಾಫಿಕ್ ಸಿಗ್ನಲಿನ ಹಾಗೆ ಕೆಂಪು, ಹಳದಿ, ಹಸಿರು ತೋರಿಸುವ ವ್ಯವಸ್ಥೆ ಮಾಡಿದ್ದರು. ನಮ್ಮ ರಾಜ್ಯದಲ್ಲೂ 2021-22ರಿಂದ ಪ್ರವೇಶ, ಪರೀಕ್ಷೆ, ಫಲಿತಾಂಶದ ಕೆಲಸಗಳು ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆಗೆ ಬಂದಿವೆ. ಮಾಹಿತಿ ರಾಶಿ ಬೀಳುತ್ತಿದೆ. ಅದನ್ನಿಟ್ಟುಕೊಂಡು ಮುಂದೆ ಯೋಜನೆ ಮಾಡುವವರಿಗೆ ನಮ್ಮ ಊರಿನ ಎರಡು ಸಂಗತಿ ಹೇಳಬೇಕು.

ಒಂದು, ಹೊಸಮಠದ ಹಳೇ ಸೇತುವೆ. ಹೊಸ ಸೇತುವೆ ಆಗುವ ಮೊದಲು, ಜೋರು ಮಳೆಗೆ ಅದು ಮುಳುಗಿದರೆ ಉಪ್ಪಿನಂಗಡಿ-ಕಡಬ ರಸ್ತೆಯೇ ಬಂದ್. ಹೊಳೆಯಾಚೆಯ ಮಕ್ಕಳು ಒಟ್ಟಿಗೆ ಕಾಣದಿದ್ದರೆ ಊರು ಬಲ್ಲ ಮೇಷ್ಟ್ರಿಗೆ ಕಾರಣ ಗೊತ್ತಾಗುತ್ತಿತ್ತು. ಕಂಪ್ಯೂಟರಿಗೆ ಅವರೆಲ್ಲ ಬರೀ ಗೈರುಹಾಜರಿ.

ಇನ್ನೊಂದು, 2021ರ ಮಳೆಗಾಲದ್ದು. ಸುಳ್ಯ ತಾಲೂಕಿನ ಗುತ್ತಿಗಾರು ಕಡೆ ನೆಟ್‌ವರ್ಕಿಗಾಗಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುವ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ದೇಶವಿಡೀ ಓಡಾಡಿತು. ಆ ಪಾಠದ ಲೆಕ್ಕದಲ್ಲಿ ಕೊಡೆಯೂ ಇಲ್ಲ, ಅಪ್ಪನೂ ಇಲ್ಲ. ಇಷ್ಟು ನಿಮಿಷ ಇದ್ದಳು, ಇಷ್ಟು ಸಲ ಸಂಪರ್ಕ ಕಡಿಯಿತು ಎಂಬುದು ಮಾತ್ರ ಇರುತ್ತದೆ.

ಆದ್ದರಿಂದ ಸಾಫ್ಟ್‌ವೇರ್ ಯಾವುದು ಎಂದು ನೋಡುವ ಮೊದಲು ಕೆಲವು ತೀರ್ಮಾನ ಆಗಬೇಕು. ಕೆಂಪು ಬಂದರೆ ಫೋನ್ ಮಾಡುವವರು ಯಾರು, ಎಷ್ಟು ದಿನದೊಳಗೆ? ಆ ಉಪನ್ಯಾಸಕರ ಕೆಲಸದ ಪಟ್ಟಿಯಲ್ಲಿ ಇದಕ್ಕೆ ಸಮಯ ಉಂಟೋ? ಕಾರಣ ಬರೆಯಲು ಒಂದು ಕಾಲಂ ಇದೆಯೋ? ಮಗಳು ಹಿಂದೆ ಬಿದ್ದಿದ್ದಾಳೆಂದು ಮನೆಗೆ ಮೆಸೇಜ್ ಹೋದರೆ, ಓದು ಸಾಕು ಎಂದು ಮದುವೆಗೆ ಗಂಡು ಹುಡುಕುವ ಮನೆಗಳೂ ಇವೆ. ಹಾಗಾಗಿ ಮೊದಲು ವಿದ್ಯಾರ್ಥಿಯನ್ನೇ ಕೇಳಬೇಕು. ತನ್ನ ಬಗ್ಗೆ ಏನು ಬರೆದಿಟ್ಟಿದ್ದಾರೆ ಎಂದು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಅವರಿಗೆ ಇರಬೇಕು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2014ರಲ್ಲೇ ಇಂಥದ್ದಕ್ಕೆ ಲಿಖಿತ ನೀತಿ ಮಾಡಿಕೊಂಡಿದೆ.

ನಾವು ಗೆಳೆಯನಿಗೆ ಇದನ್ನೆಲ್ಲ ವಿವರಿಸಿದೆವು. ಅವನು ನಕ್ಕ. "ಕಂಪ್ಯೂಟರ್ ಎಂತಕ್ಕೆ ಮಾರಾಯ? ನಿಮ್ಮಲ್ಲಿ ಒಬ್ಬ ಕೇಳಿದ್ರೂ ಹೇಳ್ತಿದ್ದೆ" ಎಂದ.

ಎರಡು ವರ್ಷ ಅವನ ಪಕ್ಕದ ಬೆಂಚಿನಲ್ಲೇ ಕುಳಿತಿದ್ದೆವು. ಕಡಬದ ಬಸ್ಸು ಬಂತು. ಅವನು ಹತ್ತಿದ. ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ.