ಖಾರ ಇಲ್ಲದ ಕೋಳಿ (ಭಾನುವಾರದ ಅಡುಗೆ, ಕಂತು 7)

ಮೊದಲೇ ಹೇಳಿಬಿಡ್ತೀನಿ, ಫೋಟೋದಲ್ಲಿರೋದು ನಮ್ಮ ಮೆಟ್ರಿ ಕೋಳಿ ಸಾರಲ್ಲ. ಗ್ರೀಸ್ ದೇಶದ್ದು, ಹೆಸರು ಕಪಮಾ. ನಗಬ್ಯಾಡ್ರಿ, ಪೂರ್ತಿ ಓದಿ.

ನಮ್ಮ ಕಡೆ ಕೋಳಿ ಅಂದ್ರೆ ಖಾರ. ಉಂಡವರಿಗೆ ಮೂಗು ಸೋರಲಿಲ್ಲ ಅಂದ್ರೆ ಅಡುಗೆ ಮಾಡಿದವರಿಗೇ ಅವಮಾನ! ನಮ್ಮ ಮನೇಲಿ ಆ ಖಾರದ ಹದ ಅಜ್ಜಿಯದು. ಅವ್ವಗೆ ಕಲಿಸಿದ್ದೂ ಅವಳೇ.

ಹೋದ ವರ್ಷ ಅಜ್ಜಿಗೆ ಉಳಿದಿದ್ದ ಹಲ್ಲುಗಳನ್ನೂ ತೆಗೆಸಿದ್ವಿ. ಆಮೇಲಿಂದ ಖಾರ ತಾಗಿದ್ರೆ ಬಾಯೆಲ್ಲ ಉರಿ. ಭಾನುವಾರ ಮಸಾಲೆ ವಾಸನೆ ಬಂದ ಕೂಡ್ಲೇ ಎದ್ದು ಹೊರಗೆ ಕಟ್ಟೆ ಮೇಲೆ ಹೋಗಿ ಕೂರ್ತಿದ್ಲು. "ನನಗ್ಯಾಕೋ ಕೋಳಿ ಬ್ಯಾಡ ಅನಿಸ್ತೈತಿ, ಮಜ್ಜಿಗಿ ಅನ್ನ ಸಾಕು" ಅಂತಿದ್ಲು. ವಯಸ್ಸಾಯ್ತಲ್ಲ ಅಂತ ನಾವೂ ನಂಬಿದ್ವಿ.

ಒಂದಿನ ಉಂಡು ಕೈ ತೊಳೆಯೋಕೆ ಹೊರಗೆ ಹೋದೆ. ಅಜ್ಜಿ ಮೆಲ್ಲಗೆ ಕೇಳಿದ್ಲು, "ಕಾಲಿನ ತುಂಡು ಮೆತ್ತಗ ಬೆಂದಿತ್ತೇನಪ್ಪ?"

ಬ್ಯಾಡ ಅನ್ನೋರು ಹಂಗೆ ಕೇಳ್ತಾರಾ ಹೇಳಿ?

ಆವತ್ತು ರಾತ್ರಿ ಹುಡುಕಿದಾಗ ಸಿಕ್ಕಿದ್ದು ಈ ಕಪಮಾ. ಹಸಿಮೆಣಸಿನಕಾಯಿ ಇಲ್ಲ, ಖಾರದ ಪುಡಿ ಇಲ್ಲ. ಚಕ್ಕೆ, ಲವಂಗ, ಟೊಮೇಟೊ ಅಷ್ಟೇ. ಸಣ್ಣ ಉರಿಯಲ್ಲಿ ಮಾಂಸ ಎಲುಬು ಬಿಡೋ ತನಕ ಬೇಯಿಸೋದು.

ಸೇವ್ ಮಾಡ್ಕೊಳ್ಳಿ 👇
ಎಲುಬು ಸಮೇತ 1 ಕೆಜಿ ಕೋಳಿ. ಉಪ್ಪು, ಚಿಟಿಕೆ ಚಕ್ಕೆ ಪುಡಿ ಸವರಿ, ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದಿಡಿ. ಅದೇ ಎಣ್ಣೆಗೆ 2 ಉಳ್ಳಾಗಡ್ಡಿ, 6 ಎಸಳು ಬೆಳ್ಳುಳ್ಳಿ, ಆಮೇಲೆ ಹೆಚ್ಚಿದ 5 ಟೊಮೇಟೊ. ಒಂದು ತುಂಡು ಚಕ್ಕೆ, 2 ಲವಂಗ, ಒಂದು ಪಲಾವ್ ಎಲೆ, ಒಂದು ಲೋಟ ನೀರು. ಕೋಳಿ ವಾಪಸ್ ಹಾಕಿ ಮುಚ್ಚಿ, 50 ನಿಮಿಷ ಬಿಡಿ. ಗ್ರೀಕರು ಆಲಿವ್ ಎಣ್ಣೆ ಹಾಕ್ತಾರೆ. ಆ ಸಣ್ಣ ಬಾಟಲಿ ರೇಟ್ ನೋಡಿ ನನ್ನ ಬಿಕಾಂ ತಲೆ ಶೇಂಗಾ ಎಣ್ಣೆ ಸಾಕು ಅಂತು 😅

ಮೊದಲ ಸಲ ಚಕ್ಕೆ ಜಾಸ್ತಿ ಆಗಿ ಪಾಯಸದ ವಾಸನೆ ಬಂತು. ಅಪ್ಪ, "ಹಂಪಿ ಸೀಮ್ಯಾಗ ಹುಟ್ಟಿ ಖಾರ ಇಲ್ದ ಕೋಳಿ ತಿನ್ನಬೇಕೇನೋ?" ಅಂದ್ರು.

ಅಪ್ಪನಿಗೆ ನನ್ನ ಉತ್ತರ ಇಷ್ಟೇ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಪಟ್ಟಣದಲ್ಲಿ ಒಂದು ಚಿಲ್ಲರೆ ನಾಣ್ಯಕ್ಕೆ 3 ಕೋಳಿ, ಹೊರಗೆ 4 ಸಿಗ್ತಿತ್ತು ಅಂತ ಬರೆದಿದ್ದಾನೆ. ಆ ಕೋಳಿಗೆ ನಮ್ಮ ಈಗಿನ ಕೆಂಪು ಖಾರ ಬಿದ್ದಿರೋದು ಕಷ್ಟ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಲ್ಲಿ ನಮ್ಮ ಕಡೆ ಬಂದದ್ದು. ಅದಕ್ಕೂ ಮುಂಚೆ ಖಾರ ಅಂದ್ರೆ ಕರಿಮೆಣಸು. ಟೊಮೇಟೊನೂ ಅಲ್ಲಿಂದಲೇ ಬಂತು, ನಮಗೂ, ಗ್ರೀಕರಿಗೂ.

ಎರಡನೇ ಭಾನುವಾರ ಚಕ್ಕೆ ಕಡಿಮೆ ಮಾಡಿದೆ. ಖಾರ ಬೇಕಾದವರಿಗೆ ಕೆಂಪು ಚಟ್ನಿ ಬೇರೆ ಇಟ್ಟೆ. ಅಂದ್ರೆ ಖಾರ ತಟ್ಟೆಗೆ, ಪಾತ್ರೆಗಲ್ಲ. ಕಟ್ಟೆಗೆ ಹೋಗಿ "ಅಜ್ಜಿ, ಬಾ" ಅಂದೆ. "ನನಗ್ಯಾಕಪ್ಪ" ಅಂದ್ಲು, ಆದ್ರೂ ಎದ್ದು ಬಂದ್ಲು. ಬಿಸಿ ಜೋಳದ ರೊಟ್ಟಿ ಮುರಿದು ರಸದಲ್ಲಿ ನೆನೆಸಿ, ಕಾಲಿನ ತುಂಡು ಬಿಡಿಸಿ ಕೊಟ್ಟೆ. ಎಲ್ಲರೂ ಅವಳ ಬಾಯನ್ನೇ ನೋಡ್ತಿದ್ವಿ.

ನಾಲ್ಕು ತುತ್ತು ಆದ್ಮೇಲೆ ಅಂದ್ಲು, "ಉಪ್ಪು ಕಮ್ಮಿ ಐತಿ."

ಎಷ್ಟೋ ತಿಂಗಳಾಗಿತ್ತು ಅಜ್ಜಿ ಅಡುಗೆಗೆ ಹೆಸರಿಟ್ಟು. ಅವ್ವ ನಗ್ತಾ ಉಪ್ಪಿನ ಡಬ್ಬಿ ತರೋಕೆ ಎದ್ಲು. ಅಪ್ಪ ಚಟ್ನಿ ಕಲೆಸ್ಕೊಂಡು ಎರಡನೇ ಸಲ ಹಾಕಿಸ್ಕೊಂಡ್ರು, ಏನೂ ಮಾತಾಡಲಿಲ್ಲ.

ನಿಮ್ಮ ಮನೇಲಿ ಊಟದ ಹೊತ್ತಿಗೆ ಯಾರು ಎದ್ದು ಹೊರಗೆ ಹೋಗ್ತಾರೆ? ಒಂದ್ಸಲ ನೋಡಿ. ಆಮೇಲೆ ಕಾಮೆಂಟಲ್ಲಿ ಹೇಳಿ ❤️

#ಭಾನುವಾರದಅಡುಗೆ #ಮೆಟ್ರಿ #ಕಂಪ್ಲಿ #ಅಜ್ಜಿ