ಕೊಠಡಿ ನಂಬರು 24

ಪತ್ರಿಕೆ ಕೈಗೆ ಬಂದೊಡನೆ ಕೆಲವರು ಧಾರಾವಾಹಿಯ ಪುಟವನ್ನು ಹುಡುಕುತ್ತಾರೆ, ಕೆಲವರು ವಾರಭವಿಷ್ಯವನ್ನು. ನನ್ನ ಕಣ್ಣು ಮೊದಲು ಓಡುವುದು ಜಾಹೀರಾತುಗಳ ಕಡೆಗೆ. ಅವು ಹಳೆಯವಾದಷ್ಟೂ ರುಚಿ ಹೆಚ್ಚು. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವರಿಗೆ ಇದೆಂತಹ ಗೀಳು ಎಂದು ನನ್ನ ಶ್ರೀಮತಿ ನಗುವುದುಂಟು. ಶಾಸನವನ್ನು ಓದುವಾಗಲೂ ಅರಸನ ಬಿರುದಾವಳಿಯನ್ನು ಬೇಗಬೇಗನೆ ದಾಟಿ, ಗದ್ದೆಯ ಎಲ್ಲೆ, ಗಾಣದ ಎಣ್ಣೆ, ಸಂತೆಯ ಸುಂಕ ಇವುಗಳ ಬಳಿ ನಿಂತುಬಿಡುವ ಸ್ವಭಾವ ನನ್ನದು. ಜಾಹೀರಾತಿನ ಹುಚ್ಚು ಆ ಹುಚ್ಚಿನ ತಮ್ಮನೇ ಇರಬೇಕು.

ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದವರು ತಮ್ಮ ನಾಡಿನ ಮೂಲೆಮೂಲೆಯ ಹಳೆಯ ಪತ್ರಿಕೆಗಳನ್ನು ಚಿತ್ರ ತೆಗೆದು ಲೋಕಕ್ಕೆಲ್ಲ ತೆರೆದಿಟ್ಟಿದ್ದಾರೆ. ಮನೆಯಲ್ಲೇ ಕುಳಿತು ಗಣಕಯಂತ್ರದ ತೆರೆಯ ಮೇಲೆ ಪುಟ ತಿರುವಬಹುದು. ಹೀಗೆ ನನಗೆ ಪರಿಚಯವಾದದ್ದು ಕಾನ್ಸಾಸ್ ಸೀಮೆಯ ‘ಡಾಡ್ಜ್ ಸಿಟಿ ಟೈಮ್ಸ್’.

‘ಸಿಟಿ’ ಎಂದೊಡನೆ ಮಹಾನಗರವನ್ನು ಕಲ್ಪಿಸಿಕೊಳ್ಳಬಾರದು. ಅದು ಬಟ್ಟಬಯಲಿನ ಹುಲ್ಲುಗಾವಲಿನ ನಡುವೆ 1872ರಲ್ಲಿ ಹುಟ್ಟಿದ ಊರು. ಅದೇ ವರ್ಷ ರೈಲು ಬಂದಿತು. ಮೊದಲು ಕಾಡೆಮ್ಮೆಯ ಚರ್ಮದ ವ್ಯಾಪಾರ. ಕಾಡೆಮ್ಮೆಗಳು ಮುಗಿದ ಮೇಲೆ ದನಗಳ ವ್ಯಾಪಾರ. ಬೇಸಿಗೆ ಬಂತೆಂದರೆ ಟೆಕ್ಸಾಸಿನಿಂದ ನೂರಾರು ಮೈಲಿ ನಡೆದು ಬಂದ ಹಿಂಡುಗಳು ಇಲ್ಲಿ ರೈಲು ಹತ್ತುತ್ತಿದ್ದವು. ತಿಂಗಳುಗಟ್ಟಲೆ ಧೂಳು ಕುಡಿದ ದನಗಾಹಿಗಳು ಜೇಬಿನಲ್ಲಿ ಸಂಬಳವನ್ನೂ ಸೊಂಟದಲ್ಲಿ ಪಿಸ್ತೂಲನ್ನೂ ಇಟ್ಟುಕೊಂಡು ಬೀದಿಗೆ ಇಳಿಯುತ್ತಿದ್ದರು.

ಇಂತಹ ಊರಿನ ಪತ್ರಿಕೆಯಲ್ಲಿ 1878ರ ಜೂನ್ ತಿಂಗಳಲ್ಲಿ ಪುಟ್ಟದೊಂದು ಪ್ರಕಟಣೆ ಅಚ್ಚಾಯಿತು. ಜೆ. ಎಚ್. ಹಾಲಿಡೇ ಎಂಬ ದಂತವೈದ್ಯರು ಡಾಡ್ಜ್ ಸಿಟಿಯ ಮತ್ತು ಸುತ್ತಣ ಸೀಮೆಯ ನಾಗರಿಕರಿಗೆ ಈ ಬೇಸಿಗೆಯಲ್ಲಿ ತಮ್ಮ ಸೇವೆಯನ್ನು ಸವಿನಯವಾಗಿ ಒದಗಿಸುತ್ತಾರೆ. ಡಾಡ್ಜ್ ಹೌಸ್ ಹೋಟೆಲಿನ 24ನೆಯ ನಂಬರಿನ ಕೊಠಡಿಯಲ್ಲಿ ಸಿಗುತ್ತಾರೆ. ತೃಪ್ತಿಯಾಗದಿದ್ದಲ್ಲಿ ಹಣ ವಾಪಸು ಎಂಬುದು ಅದರ ತಾತ್ಪರ್ಯ.

ಈ ಸವಿನಯ ಮೂರ್ತಿ ಯಾರು ಬಲ್ಲಿರಾ? ಚಲಚ್ಚಿತ್ರಗಳಲ್ಲಿ ಗುಂಡು ಹಾರಿಸುವ ‘ಡಾಕ್’ ಹಾಲಿಡೇ! 1881ರ ಅಕ್ಟೋಬರಿನಲ್ಲಿ ಅರಿಜೋನಾದ ಟೂಂಬ್‌ಸ್ಟೋನಿನಲ್ಲಿ ನಡೆದ ಗುಂಡಿನ ಕಾಳಗದಿಂದ ಹೆಸರಾದವನು. 1957ರ ಚಿತ್ರದಲ್ಲಿ ಕರ್ಕ್ ಡಗ್ಲಾಸ್ ಅವನ ಪಾತ್ರ ವಹಿಸಿದ. ಆದರೆ ಆತ 1872ರಲ್ಲಿ ಫಿಲಡೆಲ್ಫಿಯಾದ ಕಾಲೇಜಿನಲ್ಲಿ ಕ್ರಮವಾಗಿ ಓದಿ ಪದವಿ ಪಡೆದ ದಂತವೈದ್ಯ. ಕ್ಷಯರೋಗ ಅಂಟಿತು; ಒಣಹವೆಯನ್ನು ಅರಸಿ ಪಶ್ಚಿಮಕ್ಕೆ ಬಂದ; ಜೂಜಿಗೆ ಬಿದ್ದ. ಕೆಮ್ಮುವ ವೈದ್ಯನೆದುರು ಬಾಯಿ ತೆರೆಯುವ ಧೈರ್ಯ ಎಷ್ಟು ಜನರಿಗಿದ್ದೀತು? 1887ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಕೊಲೊರಾಡೋದಲ್ಲಿ ತೀರಿಕೊಂಡ. ಪಿಸ್ತೂಲಿನ ಕಥೆಯನ್ನು ಹೇಳಿದವರು ಸಾವಿರ ಮಂದಿ. ತಾನು ಹಲ್ಲು ಕೀಳುವ ಮರ್ಯಾದಸ್ಥ ಎಂಬುದನ್ನು ಊರ ಪತ್ರಿಕೆಯಲ್ಲಿ ಕಾಸು ಕೊಟ್ಟು ಅವನೇ ಹೇಳಿಕೊಳ್ಳಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೊನೆಯ ಮಾತು: ಹಣ ವಾಪಸು. ಮಾತೇನೋ ಹೊಸದಲ್ಲ, ಚಿಕಾಗೋದ ಮಾಂಟ್ಗೊಮರಿ ವಾರ್ಡ್ ಎಂಬ ಟಪಾಲು ವರ್ತಕ 1875ರಲ್ಲೇ ಅದನ್ನು ಹೇಳಿದ್ದ. ಆದರೆ ಸಾವಿರ ಜನರ ಆಸುಪಾಸಿನ ಊರಿನಲ್ಲಿ, ಕೊಠಡಿಯ ನಂಬರನ್ನೂ ಅಚ್ಚು ಹಾಕಿಸಿ ಹಾಗೆ ಹೇಳುವುದೆಂದರೆ ಸಾಮಾನ್ಯವೇ? ದವಡೆ ಊದಿದ ದನಗಾಹಿ ನಡುರಾತ್ರಿ ಬಂದು ಬಾಗಿಲು ಬಡಿದಾನು, ಅದೂ ಬರಿಗೈಯಲ್ಲಿ ಅಲ್ಲ!

ಊರಿನ ಜಾಹೀರಾತಿಗೆ ಇದ್ದ ಕಟ್ಟು ಇದು. ಬೂಟು ಹೊಲಿಯುವವನು, ತಡಿ ಮಾಡುವವನು, ಜೀನಸಿನ ಅಂಗಡಿಯವನು ತಂತಮ್ಮ ಹೆಸರು ಹಾಕುತ್ತಿದ್ದರು. ಅಂತಹ ಊರುಗಳ ಪತ್ರಿಕೆಗಳಲ್ಲಿ ಅಂಗಡಿಕಾರನು ಹೊಸ ಮಾಲು ಬಂದಿದೆ ಎಂದು ಸಾರಿದ್ದರ ಪಕ್ಕದಲ್ಲೇ, ಹಳೆಯ ಬಾಕಿ ಉಳಿಸಿಕೊಂಡವರು ದಯವಿಟ್ಟು ತೀರಿಸಬೇಕೆಂಬ ಮೊರೆಯೂ ಕಾಣುತ್ತದೆ. ಸಂಪಾದಕರಾದರೋ ಚಂದಾಕ್ಕೆ ಬದಲು ಸೌದೆ, ಆಲೂಗೆಡ್ಡೆಗಳನ್ನು ಸ್ವೀಕರಿಸುತ್ತಿದ್ದರು!

ಈ ಪುಟ್ಟ ಪ್ರಪಂಚಕ್ಕೆ ಪರಸ್ಥಳದ ದನಿ ನುಗ್ಗಿದ್ದು ಅಚ್ಚುಕೂಟದ ಹಿತ್ತಿಲ ಬಾಗಿಲಿನಿಂದ. 1861ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ವಿಸ್ಕಾನ್ಸಿನ್ನಿನ ಬಾರಬೂ ಎಂಬ ಊರಿನ ಸಂಪಾದಕ ಕೆಲಾಗನ ಅಚ್ಚಿನಾಳು ದಂಡಿಗೆ ಸೇರಿಬಿಟ್ಟ. ಮೊಳೆ ಜೋಡಿಸುವವರಿಲ್ಲ. ಕೆಲಾಗನು ಒಂದು ಮಗ್ಗುಲು ಆಗಲೇ ಅಚ್ಚಾದ ಹಾಳೆಗಳನ್ನು ಪಟ್ಟಣದಿಂದ ತರಿಸಿ, ಇನ್ನೊಂದು ಮಗ್ಗುಲಿಗೆ ತನ್ನೂರ ಸುದ್ದಿ ಅಚ್ಚು ಹಾಕಿದ. 1865ರಲ್ಲಿ ಇದನ್ನೇ ಚಿಕಾಗೋದಲ್ಲಿ ದೊಡ್ಡ ಉದ್ಯಮ ಮಾಡಿದ. ಸಿದ್ಧಹಾಳೆಯಲ್ಲಿ ಕಥೆ, ಕೃಷಿವಿಚಾರ; ಜೊತೆಗೆ ಸರ್ವರೋಗನಿವಾರಕ ಔಷಧಗಳ ಜಾಹೀರಾತು.

ಆ ಕಾಲದ ಔಷಧಗಳ ರಾಣಿ ಎಂದರೆ ಮ್ಯಾಸಚೂಸೆಟ್ಸಿನ ಲಿಡಿಯಾ ಪಿಂಕ್‌ಹ್ಯಾಮ್ ಅವರ ಸ್ತ್ರೀರೋಗದ ಮದ್ದು. ಅದರಲ್ಲಿ ನೂರಕ್ಕೆ 18ರಷ್ಟು ಮದ್ಯಸಾರ. ಕಾನ್ಸಾಸಿನಲ್ಲಿ 1881ರಿಂದ ಪಾನನಿರೋಧ! ಅದಿರಲಿ. ಶ್ರೀಮತಿ ಪಿಂಕ್‌ಹ್ಯಾಮ್‌ಗೆ ನಿಮ್ಮ ಕಷ್ಟವನ್ನು ಬರೆದು ತಿಳಿಸಿ ಎಂದು ಜಾಹೀರಾತು ಕರೆಯುತ್ತಿತ್ತು. ಹೆಂಗಸರು ಗಂಡಂದಿರಿಗೂ ಹೇಳಲಾರದ ನೋವನ್ನು ಬರೆದರು, ಉತ್ತರವೂ ಬಂದವು. ಆಕೆ 1883ರಲ್ಲೇ ತೀರಿಹೋಗಿದ್ದಳು. 1905ರಲ್ಲಿ ‘ಲೇಡೀಸ್ ಹೋಂ ಜರ್ನಲ್’ ಪತ್ರಿಕೆಯ ಸಂಪಾದಕ ಎಡ್ವರ್ಡ್ ಬಾಕ್ ಆಕೆಯ ಗೋರಿಕಲ್ಲಿನ ಛಾಯಾಚಿತ್ರವನ್ನೇ ಪ್ರಕಟಿಸಿದಾಗ ಲೋಕ ಬೆಚ್ಚಿತು. ಆ ಪತ್ರಗಳನ್ನು ಬರೆದ ತಾಯಂದಿರಿಗೆ ಹೇಗಾಗಿರಬೇಡ! ನಮ್ಮ ಹಾಲಿಡೇ ಕೆಮ್ಮಲಿ, ಜೂಜಾಡಲಿ. ಬಾಗಿಲು ತಟ್ಟಿದರೆ ಅವನೇ ತೆರೆಯುತ್ತಿದ್ದ.

ನಂತರದ ಕಥೆ ದೊಡ್ಡದೇನಲ್ಲ. 1896ರಿಂದ ಹಳ್ಳಿಯ ಮನೆಬಾಗಿಲಿಗೆ ಟಪಾಲು ಬರತೊಡಗಿತು; 1913ರಲ್ಲಿ ಪಾರ್ಸೆಲು. ಚಿಕಾಗೋದ ವರ್ತಕರ ಕ್ಯಾಟಲಾಗಿನಲ್ಲಿ ಸೂಜಿಯಿಂದ ನೇಗಿಲಿನವರೆಗೆ ಎಲ್ಲವೂ ಅಗ್ಗ. ಕೊಂಡವರ ಮಗುವಿಗೆ ಜ್ವರ ಬಂದರೆ ವಿಚಾರಿಸುವವರಿಲ್ಲ, ಬೆಳೆ ಬರುವತನಕ ಕಾಯುವವರೂ ಇಲ್ಲ. ಬೇಸತ್ತ ಊರಂಗಡಿಯವರು ಕೆಲವು ಕಡೆ ಕ್ಯಾಟಲಾಗುಗಳನ್ನು ಒಟ್ಟುಮಾಡಿ ಬಯಲಿನಲ್ಲಿ ಸುಟ್ಟರು. ಕಾರ್ಡೊಂದನ್ನು ಬರೆದು ಹಾಕಿದರೆ ಇನ್ನೊಂದು ಬರುತ್ತಿತ್ತು. ಅದಕ್ಕಾಗಿ ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ.